ನ್ಯಾಯಕಾಯಕವೂ ದಾಸೋಹವೂ

ಮಾನವನು ದುಡಿದು ಉಣ್ಣತಕ್ಕವನೆಂಬುದು ಶರಣಧರ್ಮದ ಮೊದಲನೆಯ ಪಾಠ. ದುಡಿದುದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ಸಮಾಜಕ್ಕೆ ಸವೆಸತಕ್ಕದ್ದೆಂಬುದು ಎರಡನೆಯ ಪಾಠ. ಮೊದಲನೆಯದು ಕಾಯಕ, ಎರಡನೆಯದು ದಾಸೋಹ. ಈ ಎರಡನ್ನೂ ಬಾಲ್ಯದಿಂದಲೇ ಕೇಳುತ್ತ ಬಂದಿರುವ ಭಕ್ತರ ಮನಸ್ಸಿನಲ್ಲಿ ಇಂದಿನ ಕಾಲವು ಹೊಸದೊಂದು ಸಂದೇಹವನ್ನು ಎಬ್ಬಿಸಿದೆ. ತುಳಿತಕ್ಕೆ ಒಳಗಾದವರ ಪರವಾಗಿ ಹೋರಾಡುವುದನ್ನೇ ತನ್ನ ಕೆಲಸವನ್ನಾಗಿ ಮಾಡಿಕೊಂಡವನು, ಆ ಹೋರಾಟದ ಸಲುವಾಗಿ ಯಾವುದೋ ಒಂದು ಸಂಸ್ಥೆಯಿಂದ ತಿಂಗಳು ತಿಂಗಳೂ ಹಣ ಪಡೆಯುವುದು ಯೋಗ್ಯವೇ? ಹಾಗೆ ಪಡೆದ ಮೇಲೆ ಅದು ಸೇವೆಯೋ, ಚಾಕರಿಯೋ?

ಇಂತಹ ಸಹಾಯಧನಕ್ಕೆ ಫೆಲೋಶಿಪ್ ಎಂದು ಹೆಸರು. ವಿದ್ಯಾರ್ಥಿಗೆ ಕೊಡುವ ಶಿಷ್ಯವೇತನಕ್ಕೂ ಇದಕ್ಕೂ ಸ್ವಲ್ಪ ಭೇದವುಂಟು. ಶಿಷ್ಯವೇತನವು ಓದಿಗಾಗಿ ಕೊಡುವಂಥದು. ಫೆಲೋಶಿಪ್ ಎಂಬುದಾದರೋ, ಒಬ್ಬ ವ್ಯಕ್ತಿಯು ಹೊಟ್ಟೆಪಾಡಿನ ಚಿಂತೆಯನ್ನು ಬದಿಗಿಟ್ಟು, ತಾನು ಕೈಕೊಂಡ ಕಾರ್ಯಕ್ಕೆ ತನ್ನ ಪೂರ್ಣಕಾಲವನ್ನು ಮೀಸಲಿಡಲೆಂದು ಕೊಡುವಂಥದು. ೧೯೮೦ರಲ್ಲಿ ಅಮೆರಿಕದ ಬಿಲ್ ಡ್ರೇಟನ್ ಎಂಬವರು ಸ್ಥಾಪಿಸಿದ, ನಮ್ಮ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಅಶೋಕ ಸಂಸ್ಥೆಯು ಈ ಬಗೆಯ ವೃತ್ತಿಯನ್ನು ಮೊದಲು ಭಾರತದಲ್ಲಿಯೇ ಕೊಡತೊಡಗಿತು. ಕರ್ನಾಟಕ ಸರ್ಕಾರವೂ ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳ ಕಾನೂನು ಪದವೀಧರರು ವಕೀಲವೃತ್ತಿಯನ್ನು ಕಲಿಯುವ ಮೊದಲ ವರ್ಷಗಳಲ್ಲಿ ತಿಂಗಳ ಭತ್ಯವನ್ನು ಕೊಡುವ ಏರ್ಪಾಡು ಮಾಡಿದೆ. ದೀನರ ಪರವಾಗಿ ವಾದಿಸಲು ದೀನರ ಮನೆಯಿಂದಲೇ ಒಬ್ಬನು ಎದ್ದು ಬರಲೆಂಬುದು ಇದರ ಉದ್ದೇಶಗಳಲ್ಲೊಂದು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲೂಕಿನಲ್ಲಿ ಸಮೇತನಹಳ್ಳಿಯೆಂಬ ಊರಿದೆ. ವೈಟ್‌ಫೀಲ್ಡ್ ಅದಕ್ಕೆ ಸಮೀಪ. ರಾಗಿ ಬೆಳೆಯುತ್ತಿದ್ದ ಆ ಸೀಮೆಯ ಹೊಲಗಳಲ್ಲಿ ಇಂದು ಬಡಾವಣೆಗಳೂ ಬಹುಮಹಡಿಯ ಮನೆಗಳೂ ಎದ್ದಿವೆ. ಇಂತಹ ಊರಿನ ಗೃಹಸ್ಥನೊಬ್ಬನನ್ನು ಭಾವಿಸಬಹುದು. ಅವನು ನಿತ್ಯವೂ ಲಿಂಗಪೂಜೆ ಮಾಡುವವನು, ಮಠಕ್ಕೆ ನಡೆದುಕೊಳ್ಳುವವನು, ಬಂದವರಿಗೆ ಇಲ್ಲವೆನ್ನದವನು. ಅವನ ಊರಿಗೆ ಓದಿದ ತರುಣನೊಬ್ಬನು ಬಂದು ಕೂಲಿಯವರ ಕೂಲಿ, ಬಡವರ ನಿವೇಶನ, ಶೌಚದ ಗುಂಡಿಗೆ ಇಳಿಯುವವರ ಕಷ್ಟ ಇವುಗಳನ್ನು ವಿಚಾರಿಸುತ್ತಾನೆ. ಅವನಿಗೆ ಪಟ್ಟಣದ ಸಂಸ್ಥೆಯೊಂದರಿಂದ ಹಣ ಬರುತ್ತದೆಂದು ತಿಳಿದ ಕ್ಷಣವೇ ಗೃಹಸ್ಥನ ಮುಖ ಗಂಟಾಗುತ್ತದೆ. ‘ದುಡ್ಡು ತೆಗೆದುಕೊಂಡು ಮಾಡುವವನು ದುಡ್ಡು ಕೊಟ್ಟವರ ಮಾತನ್ನೇ ಆಡುತ್ತಾನೆ’ ಎಂದು ಅವನು ತೀರ್ಮಾನಿಸಿಬಿಡುತ್ತಾನೆ.

ಈ ತೀರ್ಮಾನವನ್ನು ಕೇವಲ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ನಮ್ಮ ಹಳ್ಳಿಗಳ ಹಳೆಯ ಅನುಭವವಿದೆ. ಹಳೆಯ ಮೈಸೂರು ಸೀಮೆಯಲ್ಲಿ ತೋಟಿ, ತಳವಾರ, ನೀರಗಂಟಿ ಮುಂತಾದವರಿಗೆ ಚಾಕರಿಯ ಇನಾಮಾಗಿ ಭೂಮಿಯನ್ನು ಬಿಟ್ಟಿರುತ್ತಿದ್ದರು. ಸುಗ್ಗಿಯ ಕಣದಲ್ಲಿ ಆಯವೆಂದು ಧಾನ್ಯವನ್ನು ಅಳೆದುಕೊಡುತ್ತಿದ್ದರು. ಆ ಭೂಮಿ ಅವರಿಗೆ ಅನ್ನವನ್ನೂ ಕೊಟ್ಟಿತು, ಸಂಕೋಲೆಯನ್ನೂ ತೊಡಿಸಿತು. ತಂದೆ ಮಾಡಿದ ಚಾಕರಿಯನ್ನು ಮಗನು ಒಲ್ಲೆನೆನ್ನುವಂತಿರಲಿಲ್ಲ. ಒಲ್ಲೆನೆಂದರೆ ಭೂಮಿ ಹೋಗುತ್ತಿತ್ತು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ಇಂತಹ ವಂಶಪಾರಂಪರ್ಯದ ಚಾಕರಿಗಳನ್ನು ತೆಗೆದುಹಾಕಬೇಕಾಯಿತು. ಅನ್ನ ಹಾಕಿದ ಕೈಯೇ ಬಾಯನ್ನು ಮುಚ್ಚಬಲ್ಲುದೆಂಬುದನ್ನು ಹಳ್ಳಿಯ ಜನ ಪುಸ್ತಕದಿಂದ ಕಲಿತವರಲ್ಲ. ಆದುದರಿಂದ ಗೃಹಸ್ಥನ ಸಂದೇಹವು ಉತ್ತರಕ್ಕೆ ಅರ್ಹವಾದುದು.

ಉತ್ತರವನ್ನು ಹುಡುಕಲು ಮೊದಲು ಒಂದು ಪ್ರಸಿದ್ಧ ನಿದರ್ಶನವನ್ನು ನೋಡಬಹುದು. ೧೯೧೩ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರ್ ಎಂಬ ತರುಣನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ವೇತನವನ್ನಿತ್ತು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲು ಕಳುಹಿಸಿದರು. ವ್ಯಾಸಂಗ ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡತಕ್ಕದ್ದೆಂಬ ಕರಾರಿಗೆ ಅವರು ಒಪ್ಪಿದ್ದರು. ೧೯೧೭ರಲ್ಲಿ ಆ ಕರಾರಿನಂತೆಯೇ ಬರೋಡೆಗೆ ಬಂದರು. ಆದರೆ ಮಹಾರಾಜರ ಅಧಿಕಾರಿಯಾದವರಿಗೆ ಆ ಪಟ್ಟಣದಲ್ಲಿ ತಲೆಯಿಡಲು ಒಂದು ಕೋಣೆ ದೊರೆಯಲಿಲ್ಲ. ಅಸ್ಪೃಶ್ಯನೆಂಬ ಒಂದೇ ಕಾರಣದಿಂದ ತಂಗಿದ್ದ ಸ್ಥಳದಿಂದಲೂ ಅವರನ್ನು ಹೊರಗಟ್ಟಿದರು. ಕೆಲವೇ ದಿನಗಳಲ್ಲಿ ಅವರು ಬರೋಡೆಯನ್ನು ಬಿಟ್ಟು ಹೊರಟರು.

ಲೆಕ್ಕದ ಪುಸ್ತಕದ ಪ್ರಕಾರ ನೋಡಿದರೆ ಆ ವೇತನವು ನಷ್ಟದ ಬಾಬು. ಕರಾರಿನ ಹತ್ತು ವರ್ಷಗಳ ಸೇವೆ ಸಂಸ್ಥಾನಕ್ಕೆ ಸಲ್ಲಲಿಲ್ಲ. ಆದರೆ ೧೯೨೭ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಮುಟ್ಟಿದ ಕೈ, ೧೯೪೭ರಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆಯನ್ನು ವಹಿಸಿದ ಬುದ್ಧಿ, ಇವುಗಳ ಹಿಂದೆ ಆ ಮೂರು ವರ್ಷಗಳ ನಿಶ್ಚಿಂತೆಯ ವ್ಯಾಸಂಗವಿತ್ತು. ಕೊಲ್ಹಾಪುರದ ಶಾಹು ಮಹಾರಾಜರೂ ೧೯೨೦ರಲ್ಲಿ ಅಂಬೇಡ್ಕರರ ‘ಮೂಕನಾಯಕ’ ಪತ್ರಿಕೆಗೆ ಧನಸಹಾಯ ಮಾಡಿದರು. ದಾನಿಯು ಕೇಳಿದ ಫಲ ಬೇರೆ. ದೇಶಕ್ಕೆ ದೊರೆತ ಫಲ ಬೇರೆ. ಕೊಟ್ಟವನ ಕರಾರಿನೊಳಗೆ ಅಡಗದಷ್ಟು ದೊಡ್ಡದಾಗಿ ಬೆಳೆದುದೇ ಆ ದಾನದ ಸಾರ್ಥಕತೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಇಂತಹ ವೃತ್ತಿಯು ಕೊಡಬಲ್ಲುದು ಕಾಲವನ್ನು ಮಾತ್ರ. ಧೈರ್ಯವನ್ನಾಗಲಿ, ಕರುಣೆಯನ್ನಾಗಲಿ ಅದು ಕೊಡಲಾರದು. ಅವು ಮೊದಲೇ ಇರತಕ್ಕವು. ಇದ್ದವನಿಗೆ ಕಾಲವು ದೊರೆಯದಿದ್ದರೆ ಏನಾಗುವುದೆಂಬುದನ್ನು ಅರಿಯಲು ವಚನಸಾಹಿತ್ಯದ ಓದುಗರು ದೂರ ಹೋಗಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿವೃತ್ತಿಯನ್ನು ಮಾಡುತ್ತ, ಮನೆ ಮನೆಯ ತಾಳೆಗರಿಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಮುದ್ರಣಾಲಯವನ್ನು ನಡೆಸುವುದಕ್ಕಾಗಿ ಇದ್ದ ಮನೆಯನ್ನು ಮಾರಿದರು. ಅವರ ತ್ಯಾಗವನ್ನು ಕೊಂಡಾಡುವುದು ಸುಲಭ. ಆದರೆ ಅಂಥವರು ಮನೆ ಮಾರಬೇಕಾಗಿ ಬಂದುದು ಸಮಾಜಕ್ಕೆ ಕೀರ್ತಿ ತರುವ ಸಂಗತಿಯೇ ಎಂದು ಕೇಳಿಕೊಳ್ಳುವುದು ಕಷ್ಟ. ಒಬ್ಬನ ತ್ಯಾಗದ ಕಥೆಯಲ್ಲಿ ಹಲವರ ಉದಾಸೀನದ ಕಥೆಯೂ ಸೇರಿರುತ್ತದೆ.

ಮೇಲಿನ ಮಾತನ್ನು ನಮ್ಮ ಕಾಲದ, ನೆರೆಯ ಸೀಮೆಯ ಒಂದು ನಿದರ್ಶನದಿಂದ ಇನ್ನಷ್ಟು ಬಿಡಿಸಿ ನೋಡಬಹುದು. ಹೊಸಕೋಟೆಯಿಂದ ಕೋಲಾರದ ದಾರಿಯಾಗಿ ಪೂರ್ವಕ್ಕೆ ಹೋದರೆ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್. ಸಿಗುತ್ತದೆ. ನೆಲದ ಆಳದಿಂದ ಚಿನ್ನವನ್ನು ತೆಗೆದ ಆ ಊರಿನಲ್ಲಿ ನೆಲದ ಮೇಲೆ ಮಲವನ್ನು ಹೊರುವ ಕುಟುಂಬಗಳೂ ಇದ್ದವು. ಅಂತಹ ಒಂದು ಕುಟುಂಬದಲ್ಲಿ ೧೯೬೬ರಲ್ಲಿ ಜನಿಸಿದವರು ಬೆಜವಾಡ ವಿಲ್ಸನ್. ೧೯೭೦ರ ದಶಕದ ಆದಿಯಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದ್ದರು. ೧೯೯೩ರಲ್ಲಿ ಕಾಯಿದೆಯೂ ಬಂದಿತು. ಆದರೂ ಆ ಪದ್ಧತಿಯು ಅಳಿಯಲಿಲ್ಲ. ತನ್ನವರು ಬರಿಗೈಯಿಂದ ಮಾಡುತ್ತಿದ್ದ ಕೆಲಸವನ್ನು ಕಂಡ ವಿಲ್ಸನ್ನರು ಅಧಿಕಾರಿಗಳಿಗೆ ಪತ್ರ ಬರೆದರು. ಒಣಶೌಚಾಲಯಗಳ ಭಾವಚಿತ್ರಗಳನ್ನು ಮುಂದಿಟ್ಟರು. ಕಡೆಗೆ ಇತರರೊಡನೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. ೨೦೦೩ರಲ್ಲಿ ಆ ಆಂದೋಲನವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಅಶೋಕ ಸಂಸ್ಥೆಯು ವಿಲ್ಸನ್ನರನ್ನು ತನ್ನ ಹಿರಿಯ ಫೆಲೋ ಆಗಿ ಆರಿಸಿದುದು ೨೦೦೯ರಲ್ಲಿ. ಈ ಅನುಕ್ರಮವು ಗಮನಾರ್ಹವಾದುದು. ಮೊದಲು ಹುಟ್ಟಿದ್ದು ನೋವು, ಆಮೇಲೆ ಹೋರಾಟ, ಮನ್ನಣೆಯು ಬಂದುದು ಹಲವು ವರ್ಷಗಳ ತರುವಾಯ. ಫೆಲೋಶಿಪ್ ಹೋರಾಟಗಾರನನ್ನು ಹುಟ್ಟಿಸಲಿಲ್ಲ. ಇದ್ದವನನ್ನು ಕಂಡುಕೊಂಡಿತು. ೨೦೧೩ರಲ್ಲಿ ಹೊಸ ಕಾಯಿದೆ ಬಂದಿತು. ೨೦೧೪ರ ಮಾರ್ಚ್ ೨೭ರಂದು ಸುಪ್ರೀಂ ಕೋರ್ಟು, ೧೯೯೩ರಿಂದೀಚೆಗೆ ಒಳಚರಂಡಿಯಲ್ಲಿ ಇಳಿದು ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ೧೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. ೨೦೨೩ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು ೩೦ ಲಕ್ಷಕ್ಕೆ ಏರಿಸಿತು. ಇಷ್ಟಾದರೂ ಗುಂಡಿಗಿಳಿದು ಸಾಯುವವರ ಸಾವು ನಿಂತಿಲ್ಲ. ಹೋರಾಟದ ಫಲವು ದೊಡ್ಡದು, ಉಳಿದಿರುವ ಕೆಲಸವು ಇನ್ನೂ ದೊಡ್ಡದು ಎಂಬೆರಡು ಮಾತೂ ಸತ್ಯ.

ಹಾಗಾದರೆ ಅನ್ಯರ ಹಣದ ಆಸರೆಯಲ್ಲಿ ನಡೆಯುವ ನ್ಯಾಯಸೇವೆಯು ಶುದ್ಧವೆಂದು ಅರಿಯುವುದು ಹೇಗೆ? ಈ ಪ್ರಶ್ನೆಗೆ ಕಲ್ಯಾಣದ ಮಹಾಮನೆಯಿಂದಲೇ ಉತ್ತರ ದೊರೆಯುತ್ತದೆ.

ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಎಂದರೆ, ಅರಸನ ಕೆಲಸದಲ್ಲಿದ್ದು ಅರಸನ ಸಂಬಳವನ್ನು ಉಂಡವರು. ಆ ಸಂಬಳವು ಅವರ ನಾಲಗೆಯನ್ನು ಕಟ್ಟಲಿಲ್ಲ. ಅರಸನ ಆಸ್ಥಾನವು ಒಪ್ಪುತ್ತಿದ್ದ ಕುಲಭೇದವನ್ನು ಅವರು ಒಪ್ಪಲಿಲ್ಲ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಸಾರಿದರು. ಜಂಗಮರಿಗಾಗಿ ಭಂಡಾರವನ್ನು ಸವೆಸಿದನೆಂದು ಕೊಂಡೆಯ ಮಾತು ಅರಸನ ಕಿವಿಗೆ ಬಿದ್ದಾಗ, ಲೆಕ್ಕವನ್ನು ಮುಂದಿಟ್ಟು ಹಾಗವೂ ಕಡಿಮೆಯಾಗದುದನ್ನು ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಹರಳಯ್ಯ ಮಧುವರಸರ ಮಕ್ಕಳ ವಿವಾಹವಾಗಿ, ಶರಣರಿಗೆ ಅರಸನಿಂದ ಶಿಕ್ಷೆಯಾದ ಸಂದರ್ಭದಲ್ಲಿ ಪದವಿಯನ್ನು ತೊರೆದು ಕಲ್ಯಾಣದಿಂದ ಹೊರಟರು. ಈ ಚರಿತೆಯಲ್ಲಿ ಎರಡು ಒರೆಗಲ್ಲುಗಳು ಕಾಣುತ್ತವೆ. ಪಡೆದ ಹಣದ ಲೆಕ್ಕವನ್ನು ಯಾರು ಕೇಳಿದರೂ ತೋರಿಸಬಲ್ಲೆನೇ ಎಂಬುದು ಒಂದು. ಹಣ ಕೊಡುವವನು ನ್ಯಾಯಕ್ಕೆ ಅಡ್ಡ ಬಂದ ದಿನ ಹಣವನ್ನು ಬಿಟ್ಟು ನಡೆಯಬಲ್ಲೆನೇ ಎಂಬುದು ಮತ್ತೊಂದು.

ಮೂರನೆಯ ಒರೆಗಲ್ಲು ಆಯ್ದಕ್ಕಿ ಲಕ್ಕಮ್ಮನದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಹೆಚ್ಚಿನ ಅಕ್ಕಿಯು ಮನೆಗೆ ಬಂದುದನ್ನು ಕಂಡು ಹಿಗ್ಗುವುದು ಬಡವಳಿಗೆ ಸಹಜವಾಗಿತ್ತು. ಲಕ್ಕಮ್ಮನು ಹಿಗ್ಗಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ತರುವ ಆಸೆಯು ಎಲ್ಲಿಂದ ಬಂದಿತೆಂದು ಕೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ನ್ಯಾಯದ ಕೆಲಸಕ್ಕೆಂದು ವೃತ್ತಿಯನ್ನು ಪಡೆಯುವ ಪ್ರತಿಯೊಬ್ಬರ ಮನೆಯಲ್ಲಿಯೂ ಒಬ್ಬ ಲಕ್ಕಮ್ಮನಿರಬೇಕು. ಇಂದಿನ ವೃತ್ತಿಗಳು ಒಂದೆರಡು ಅಥವಾ ಮೂರು ವರ್ಷಗಳಿಗೆ ಕೊಡತಕ್ಕವು. ಅವಧಿ ಮುಗಿಯುತ್ತ ಬಂದಂತೆ ಮುಂದಿನ ವೃತ್ತಿಯ ಕಡೆಗೆ ಕಣ್ಣು ಹೊರಳುವುದುಂಟು. ಆಗ ಊರಿನ ನೋವಿಗಿಂತ ವರದಿಯ ಅಂದವೇ ಮುಖ್ಯವಾಗುತ್ತದೆ. ಯಾವ ವಿಷಯಕ್ಕೆ ಹಣವುಂಟೋ ಆ ವಿಷಯವೇ ಅನ್ಯಾಯವಾಗಿ ಕಾಣುತ್ತದೆ, ಹಣವಿಲ್ಲದ ಅನ್ಯಾಯವು ಕಣ್ಣಿಗೆ ಬೀಳುವುದೇ ಇಲ್ಲ. ಅಳತೆ ಮೀರಿದ ಅಕ್ಕಿಯು ಮಾರಯ್ಯನ ಉಡಿಯಲ್ಲಿ ಕುಳಿತಂತೆಯೇ ಇದು.

ವೃತ್ತಿಯನ್ನು ಪಡೆದವನು ಮರೆಯಬಾರದ ಇನ್ನೊಂದು ಸಂಗತಿಯಿದೆ. ಹೋರಾಟವು ನೊಂದವರದು. ಅವನು ಅವರ ನೆರವಿಗೆ ಬಂದವನು. ಸಮೇತನಹಳ್ಳಿಯಿರುವ ಜಿಲ್ಲೆಯಲ್ಲಿಯೇ, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ರೈತರು, ತಮ್ಮ ೧,೭೭೭ ಎಕರೆ ಭೂಮಿಯನ್ನು ಸರ್ಕಾರವು ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತರು. ೨೦೨೫ರ ಜುಲೈ ೧೫ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅವರ ಬೆಂಬಲಕ್ಕೆ ಹಲವು ಸಂಘಟನೆಗಳವರೂ ಬರಹಗಾರರೂ ಬಂದು ನಿಂತರು. ಆದರೆ ಬಿಸಿಲಿನಲ್ಲಿ ದಿನಗಳನ್ನು ಎಣಿಸಿದವರು ಆ ಹಳ್ಳಿಗಳ ಜನರೇ. ಹೊರಗಿನ ನೆರವು ಎಷ್ಟೇ ದೊಡ್ಡದಾದರೂ, ಅದು ನೊಂದವರ ಪಕ್ಕದಲ್ಲಿ ನಿಲ್ಲತಕ್ಕದ್ದು. ಮುಂದೆ ನಿಂತು ಅವರನ್ನು ಮರೆಮಾಡತಕ್ಕದ್ದಲ್ಲ.

ಇದಿಷ್ಟು ಪಡೆಯುವವನ ಧರ್ಮವಾಯಿತು. ಕೊಡುವವನ ಧರ್ಮವು ಇದಕ್ಕಿಂತ ಕಠಿಣವಾದುದು. ಶರಣರು ದಾನವೆಂಬ ಮಾತಿಗೆ ಬದಲಾಗಿ ದಾಸೋಹವೆಂಬ ಮಾತನ್ನು ಎತ್ತಿ ಹಿಡಿದುದಕ್ಕೆ ಕಾರಣವಿದೆ. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು. ಕೊಟ್ಟ ಮೇಲೆ ಪಡೆದವನ ಮೇಲೆ ಅಧಿಕಾರ ಉಳಿಸಿಕೊಂಡರೆ ಅದು ದಾಸೋಹವಾಗದೆ ಉಂಬಳಿಯಾಗುತ್ತದೆ. ತೋಟಿಗೆ ಬಿಟ್ಟ ಇನಾಮಿಗೂ ಅದಕ್ಕೂ ಅಂತರವಿರುವುದಿಲ್ಲ. ತ್ಯಾಗವೀರ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟು, ೧೯೦೬ರಲ್ಲಿ ಲಿಂಗೈಕ್ಯರಾದರು. ಆ ಧನದಿಂದ ಓದಿದವರು ಮುಂದೆ ಏನಾದರೆಂಬುದನ್ನು ನೋಡಲಾಗಲಿ, ಅವರಿಂದ ವಂದನೆಯನ್ನು ಪಡೆಯಲಾಗಲಿ ಅವರು ಇರಲಿಲ್ಲ. ಕೊಟ್ಟು ಮರೆಯಾಗುವುದೆಂದರೆ ಅದು.

ಇಲ್ಲಿ ಗೃಹಸ್ಥನೂ ಮಠವೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನಾಡಿನ ಮಠಗಳು ಲಕ್ಷಾಂತರ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿವೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ಪ್ರಸಾದವಿಕ್ಕಿದುದನ್ನು ಲೋಕವೇ ಬಲ್ಲುದು. ಹೀಗೆ ಉಂಡು ಓದಿದ ಹುಡುಗನು ನಾಳೆ ವಕೀಲನಾಗಿ ಬಂದು, ತನಗೆ ಅನ್ನವಿಕ್ಕಿದ ಭಕ್ತನ ಜಮೀನಿನಲ್ಲಿಯೇ ಕೂಲಿಯು ಕಡಿಮೆಯೆಂದು ದಾವೆ ಹೂಡಿದರೆ ಭಕ್ತನು ಏನು ಹೇಳುವನು? ತನ್ನ ಕೇರಿಯವರಿಗೆ ಊರೊಳಗೆ ಸಮನಾದ ಆಸನವಿಲ್ಲವೆಂದು ಕೇಳಿದರೆ ಏನು ಹೇಳುವನು? ‘ನಮ್ಮ ಅನ್ನ ಉಂಡವನು’ ಎಂಬ ಮಾತು ಆ ಗಳಿಗೆಯಲ್ಲಿ ನಾಲಗೆಗೆ ಬಂದರೆ, ಇಕ್ಕಿದ ಅನ್ನವು ದಾಸೋಹವಾಗಿರಲಿಲ್ಲವೆಂದೇ ಅರ್ಥ. ‘ಇವನು ಹೀಗೆ ಕೇಳಲೆಂದೇ ಅನ್ನವಿಕ್ಕಿದೆವು’ ಎಂಬ ಮಾತು ಬಂದರೆ, ಅಂದು ಮಹಾಮನೆಯ ಬಾಗಿಲು ಮತ್ತೊಮ್ಮೆ ತೆರೆದಂತೆ. ಕೊಟ್ಟವನನ್ನೇ ಪ್ರಶ್ನಿಸುವ ಸ್ವಾತಂತ್ರ್ಯವನ್ನು ಸಹ ಕೊಟ್ಟಾಗ ಮಾತ್ರ ಆ ಕೊಡುಗೆಯು ಪೂರ್ಣವಾಗುತ್ತದೆ.

ಸಮೇತನಹಳ್ಳಿಯ ಗೃಹಸ್ಥನ ಸಂದೇಹಕ್ಕೆ ಈಗ ಮರಳಬಹುದು. ತರುಣನಿಗೆ ಹಣವು ಎಲ್ಲಿಂದ ಬರುತ್ತದೆಂದು ಕೇಳುವ ಅಧಿಕಾರ ಗೃಹಸ್ಥನಿಗುಂಟು. ಕೇಳತಕ್ಕದ್ದೇ. ಲೆಕ್ಕವನ್ನು ತೋರಿಸುವುದು ತರುಣನ ಕರ್ತವ್ಯ. ಆದರೆ ಹಣದ ಮೂಲವನ್ನು ಕೇಳಿದ ಮಾತ್ರಕ್ಕೆ ತರುಣನು ಎತ್ತಿದ ಪ್ರಶ್ನೆಯು ಇಲ್ಲವಾಗುವುದಿಲ್ಲ. ಬಡಾವಣೆಯ ಶೌಚಗುಂಡಿಯು ತುಂಬಿದಾಗ, ಯಂತ್ರದ ಬಂಡಿಯನ್ನು ಕರೆಸಲು ಖರ್ಚಾಗುವುದೆಂದು, ಒಂದಿಷ್ಟು ರೂಪಾಯಿಯ ಆಸೆ ತೋರಿಸಿ ಒಬ್ಬ ಮನುಷ್ಯನನ್ನು ಒಳಗೆ ಇಳಿಸುವುದು ಇಂದಿಗೂ ನಡೆಯುತ್ತಿದೆ. ೨೦೧೩ರ ಕಾಯಿದೆಯ ಪ್ರಕಾರ, ರಕ್ಷಣೆಯ ಸಾಧನಗಳಿಲ್ಲದೆ ಹೀಗೆ ಇಳಿಸಿದವನಿಗೆ ಮೊದಲನೆಯ ಅಪರಾಧಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ವಿಧಿಸಬಹುದಾಗಿದೆ. ಕಾಯಿದೆಯ ಭಯವು ಹಾಗಿರಲಿ. ಬೆಳಿಗ್ಗೆ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜಿಸಿದ ಮನೆಯವನು, ಮಧ್ಯಾಹ್ನ ತನ್ನ ಮನೆಯ ಗುಂಡಿಗೆ ಇನ್ನೊಬ್ಬ ಜೀವವನ್ನು ಇಳಿಸಬಹುದೇ? ಇದನ್ನು ಕೇಳಲು ಬಂದವನಿಗೆ ಸಂಬಳವಿದೆಯೋ ಇಲ್ಲವೋ ಎಂಬುದು ಎರಡನೆಯ ಮಾತು.

ನಿಜವಾಗಿ ನೋಡಿದರೆ, ಊರಿನ ಜನರೇ ಊರಿನ ನ್ಯಾಯವನ್ನು ನೋಡಿಕೊಂಡಿದ್ದರೆ ಹೊರಗಿನಿಂದ ಯಾವ ಸಂಸ್ಥೆಯೂ ವೃತ್ತಿಯನ್ನು ಕೊಟ್ಟು ಯಾರನ್ನೂ ಕಳುಹಿಸಬೇಕಾಗಿರಲಿಲ್ಲ. ದೂರದವರ ಹಣವು ಬಂದು ಸೇರಿದುದು ಹತ್ತಿರದವರು ಬಿಟ್ಟ ಜಾಗದಲ್ಲಿ. ಆದುದರಿಂದ ಭಕ್ತರು ಮಾಡತಕ್ಕ ಕಾರ್ಯವು ಸರಳವಾಗಿಯೇ ಇದೆ. ಜಾತ್ರೆಗೆ, ತೇರಿಗೆ, ಕಟ್ಟಡಕ್ಕೆ ಎತ್ತುವ ವಂತಿಗೆಯಲ್ಲಿ ಒಂದು ಪಾಲನ್ನು ತಮ್ಮ ಊರಿನ ಬಡಕೇರಿಯಿಂದ ಎದ್ದು ಬರುವ ಒಬ್ಬ ಹುಡುಗನ ಅಥವಾ ಹುಡುಗಿಯ ಕಾನೂನು ವ್ಯಾಸಂಗಕ್ಕೆ, ಹೊಸಕೋಟೆಯ ನ್ಯಾಯಾಲಯದಲ್ಲಿ ಅವರು ನೆಲೆಯೂರುವವರೆಗಿನ ಅನ್ನಕ್ಕೆ ಮೀಸಲಿಡಬಹುದು. ಕರಾರು ಬೇಡ, ಶಿಲಾಫಲಕ ಬೇಡ. ಅವರು ಬಡವರ ಪರವಾಗಿ ನಿಂತು, ಬೇಕಾದರೆ ವಂತಿಗೆ ಕೊಟ್ಟವರ ವಿರುದ್ಧವೂ ವಾದಿಸಲಿ. ಅಂದು ಗೃಹಸ್ಥನ ಮನಸ್ಸಿನಲ್ಲಿ ಕೋಪವು ಏಳದೆ ನೆಮ್ಮದಿಯು ಮೂಡಿದರೆ, ಅವನು ಇಷ್ಟು ವರ್ಷ ಓದಿದ ವಚನಗಳು ಅವನ ಮನೆಯಲ್ಲಿ ನೆಲೆಸಿದುವೆಂದು ತಿಳಿಯಬಹುದು.